ಬಂಡೆಯ ಮೇಲಿನ ಆ ಮಚ್ಚೆ ಕೊಳೆಯಲ್ಲ: ದುರ್ಗದ ಸುಣ್ಣಕಲ್ಲು, ಕಲ್ಲುಹೂ ಮತ್ತು ಪಟ್ಟಿಗೆ ಸೇರದ ಅಪಾಯ

ಚಿತ್ರದುರ್ಗದ ಕೋಟೆ ಹತ್ತಿದವರೆಲ್ಲ ಇದನ್ನು ನೋಡಿರುತ್ತಾರೆ, ಆದರೆ ಗಮನಿಸಿದವರು ಕಡಿಮೆ. ಬಂಡೆಯ ಮೈಮೇಲೆ ಬೂದು, ಬಿಳಿ, ಕಪ್ಪು, ಅಲ್ಲಲ್ಲಿ ಕಿತ್ತಳೆ ಬಣ್ಣದ ದುಂಡು ದುಂಡು ಮಚ್ಚೆಗಳು. ನಮ್ಮಲ್ಲೊಬ್ಬರು ಮೊದಲ ಸಲ ಆ ಕಿತ್ತಳೆ ಮಚ್ಚೆ ಕಂಡಾಗ ಯಾರೋ ಪೇಂಟ್ ಚೆಲ್ಲಿದ್ದಾರೆ ಎಂದುಕೊಂಡಿದ್ದರು.

ಈ ಮಚ್ಚೆಗಳ ಬಗ್ಗೆ ಗ್ರೂಪುಗಳಲ್ಲಿ ಓಡಾಡುವ ಮಾತುಗಳು ಹಲವು ಬಗೆ. ಅದು ಕಲ್ಲಿಗೆ ಹಿಡಿದ ರೋಗ, ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ಅನ್ನುವುದು ಒಂದು. ಅದು ಇದ್ದರೆ ಊರಿನ ಗಾಳಿ ಶುದ್ಧ ಅನ್ನುವುದು ಇನ್ನೊಂದು. ಕಲ್ಲಿನ ಮೇಲೆ ಬೆಳೆಯುವುದರಿಂದ ಕಿಡ್ನಿಯ ಕಲ್ಲನ್ನೂ ಕರಗಿಸುತ್ತದೆ ಅನ್ನುವುದು ಮತ್ತೊಂದು. ಇವುಗಳ ಜೊತೆಗೆ ಯಾರೂ ಫಾರ್ವರ್ಡ್ ಮಾಡದೆ ಎಲ್ಲರೂ ನಂಬಿರುವ ಒಂದು ಮಾತಿದೆ: ಬರೀ ಕಲ್ಲು ತಾನೇ, ಒಡೆದರೆ ಏನು ಹೋಯಿತು? ನಾವು ಮುಖ್ಯವಾಗಿ ಈ ಕೊನೆಯ ಮಾತನ್ನೇ ಪರಿಶೀಲಿಸಲು ಹೊರಟಿದ್ದೇವೆ. ಉಳಿದವು ದಾರಿಯಲ್ಲಿ ಸಿಗುತ್ತವೆ.

ಮೊದಲು ಚುಟುಕಾಗಿ ಉತ್ತರ. ಆ ಮಚ್ಚೆಗೆ ಜೀವವಿದೆ. ಕನ್ನಡದಲ್ಲಿ ಅದು ಕಲ್ಲುಹೂ, ವಿಜ್ಞಾನದ ಪುಸ್ತಕಗಳಲ್ಲಿ ಲೈಕನ್. ಅದರಲ್ಲಿ ಸುಣ್ಣಕಲ್ಲನ್ನು ಬಿಟ್ಟು ಬೇರೆ ಕಲ್ಲಿನ ಮೇಲೆ ಬದುಕಲಾರದ ಜಾತಿಗಳಿವೆ. ಅವುಗಳ ಪಾಲಿಗೆ ಸುಣ್ಣಕಲ್ಲಿನ ಒಂದು ಗುಡ್ಡ ಅಂದರೆ ಸಮುದ್ರದ ನಡುವಿನ ಒಂದು ದ್ವೀಪ. ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿ ಅವುಗಳ ಹೆಸರು ಇಲ್ಲ ಅಂದಮಾತ್ರಕ್ಕೆ ಅವು ಕ್ಷೇಮವಾಗಿವೆ ಎಂದಲ್ಲ. ಹೆಚ್ಚಿನವನ್ನು ಯಾರೂ ಲೆಕ್ಕ ಹಾಕಿಲ್ಲ, ಅಷ್ಟೆ.

ಗಿಡವೂ ಅಲ್ಲ, ಪಾಚಿಯೂ ಅಲ್ಲ

ಕಲ್ಲುಹೂ ಒಂದು ಜೀವಿಯಲ್ಲ, ಒಂದು ಸಂಸಾರ. ಮನೆ ಕಟ್ಟುವುದು ಶಿಲೀಂಧ್ರ, ಅಂದರೆ ಅಣಬೆಯ ಬಳಗದ್ದು. ಅಡುಗೆ ಮಾಡುವುದು ಪಾಚಿ ಅಥವಾ ಸಯನೋಬ್ಯಾಕ್ಟೀರಿಯಾ. ಶಿಲೀಂಧ್ರಕ್ಕೆ ಬಿಸಿಲಿನಿಂದ ಆಹಾರ ತಯಾರಿಸಲು ಬರುವುದಿಲ್ಲ. ಪಾಚಿಗೆ ಒಣ ಬಂಡೆಯ ಮೇಲೆ ಬರಿಮೈಯಲ್ಲಿ ಬದುಕಲು ಆಗುವುದಿಲ್ಲ. ಇಬ್ಬರೂ ಸೇರಿದಾಗ ಮಾತ್ರ ಆ ಮಚ್ಚೆ ಮೂಡುತ್ತದೆ. ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್ 1860ರ ದಶಕದ ಕೊನೆಯಲ್ಲಿ ಇದನ್ನು ಹೇಳಿದಾಗ ಆ ಕಾಲದ ದೊಡ್ಡ ಲೈಕನ್ ತಜ್ಞರೇ ನಕ್ಕಿದ್ದರು. 2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಜೊತೆಗಾರರು ಅನೇಕ ಕಲ್ಲುಹೂಗಳ ಹೊರಪದರದಲ್ಲಿ ಯೀಸ್ಟ್ ಎಂಬ ಇನ್ನೊಂದು ಶಿಲೀಂಧ್ರವೂ ಇದೆ ಎಂದು ತೋರಿಸಿದರು. ಹಾಗಾಗಿ ಸಂಸಾರ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು.

ಬೇರಿಲ್ಲ, ಕಾಂಡವಿಲ್ಲ, ಎಲೆಯ ಮೇಲಿರುವಂಥ ಮೇಣದ ಹೊದಿಕೆಯೂ ಇಲ್ಲ. ನೀರು, ಪೋಷಕಾಂಶ, ವಿಷ ಎಲ್ಲವೂ ನೇರವಾಗಿ ಮೈಯಿಂದಲೇ ಒಳಗೆ ಹೋಗುತ್ತವೆ. ಮಳೆ ಇಲ್ಲದಾಗ ಕಲ್ಲುಹೂ ಪೂರ್ತಿ ಒಣಗಿ ಸತ್ತಂತೆ ಬಿದ್ದಿರುತ್ತದೆ. ಹನಿ ಬಿದ್ದ ಕೆಲವೇ ನಿಮಿಷಗಳಲ್ಲಿ ಬಣ್ಣ ಬದಲಾಯಿಸಿ ಮತ್ತೆ ಕೆಲಸ ಶುರುಮಾಡುತ್ತದೆ. 2005ರಲ್ಲಿ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಪ್ರಯೋಗವೊಂದರಲ್ಲಿ ಎರಡು ಜಾತಿಯ ಕಲ್ಲುಹೂಗಳನ್ನು ಸುಮಾರು ಎರಡು ವಾರ ಬಾಹ್ಯಾಕಾಶಕ್ಕೆ ತೆರೆದಿಟ್ಟು ತಂದರು. ಅವು ಬದುಕಿದ್ದವು! ಅಂಥ ಗಟ್ಟಿಗ ಜೀವಿಗೆ ಅಪಾಯ ಎಲ್ಲಿಂದ ಬಂತು ಎಂದು ಕೇಳಿದರೆ, ಉತ್ತರ ಅದರ ವೇಗದಲ್ಲಿದೆ. ಕಲ್ಲಿಗೆ ಅಂಟಿಕೊಂಡು ಬೆಳೆಯುವ ಹೊರಪೊರೆಯಂಥ ಜಾತಿಗಳು ಹೆಚ್ಚಾಗಿ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ಬೆಳೆಯುವುದಿಲ್ಲ. ಅಂಗೈ ಅಗಲದ ಮಚ್ಚೆ ನಿಮ್ಮ ಅಜ್ಜಿಗಿಂತ ಹಿರಿದಿರಬಹುದು. ಹಿಮನದಿ ಸರಿದುಹೋದ ಬಂಡೆಗಳ ವಯಸ್ಸನ್ನು ಅಂದಾಜಿಸಲು ವಿಜ್ಞಾನಿಗಳು ಇಂಥ ಮಚ್ಚೆಯ ಅಗಲವನ್ನೇ ಅಳೆಯುವುದುಂಟು.

ರೋಗ ಎಂಬ ಮಾತಿಗೆ ಇಲ್ಲೇ ಉತ್ತರ ಸಿಕ್ಕಿತು. ಗುಡ್ಡದ ಬಂಡೆಗೆ ಯಾವ ರೋಗವೂ ಇಲ್ಲ. ಕೆತ್ತನೆ ಇರುವ ದೇವಸ್ಥಾನದ ಕಲ್ಲಿನ ವಿಷಯ ಮಾತ್ರ ಬೇರೆ. ಕಲ್ಲುಹೂವಿನ ಆಮ್ಲಗಳು ಮತ್ತು ಅದರ ಎಳೆಗಳು ನಿಧಾನವಾಗಿ ಕಲ್ಲನ್ನು ಸಡಿಲಿಸುವುದು ನಿಜ. ಅದಕ್ಕಾಗಿಯೇ ಪುರಾತತ್ವ ಇಲಾಖೆಯ ರಸಾಯನ ವಿಭಾಗ ಸ್ಮಾರಕಗಳನ್ನು ಸ್ವಚ್ಛಗೊಳಿಸುತ್ತದೆ. ಅದು ಅವರ ಕೆಲಸ. ನಾವು ಬ್ಲೀಚಿಂಗ್ ಪುಡಿ, ತಂತಿ ಬ್ರಷ್ ಹಿಡಿದು ಹೋದರೆ ಕಲ್ಲುಹೂಗಿಂತ ಹೆಚ್ಚು ಹಾನಿ ನಾವೇ ಮಾಡುತ್ತೇವೆ. ರಕ್ಷಿತ ಸ್ಮಾರಕವಾದರೆ ಅದು ಅಪರಾಧವೂ ಹೌದು.

ಮಸಾಲೆ ಡಬ್ಬಿಯ ಕಲ್ಲುಹೂ ಇದೇನಾ?

ಬಳಗ ಒಂದೇ, ಮನೆ ಬೇರೆ. ಬಿರಿಯಾನಿಗೆ, ಗರಂ ಮಸಾಲೆಗೆ ಹಾಕುವ ಕಲ್ಲುಹೂ ಎಲೆಯಂತೆ ಅಗಲವಾಗಿ ಎದ್ದು ನಿಲ್ಲುವ ಜಾತಿಗಳದ್ದು. ಹೆಸರಲ್ಲಿ ಕಲ್ಲಿದ್ದರೂ ಅದರ ಬಹುಪಾಲು ಬರುವುದು ಹಿಮಾಲಯ ಮತ್ತು ಪಶ್ಚಿಮ ಘಟ್ಟದ ಮರಗಳ ತೊಗಟೆಯಿಂದ. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಜೇನು, ನೆಲ್ಲಿಕಾಯಿಯ ಜೊತೆ ಸಂಗ್ರಹಿಸುತ್ತ ಬಂದ ಕಾಡಿನ ಉತ್ಪನ್ನಗಳಲ್ಲಿ ಇದೂ ಒಂದು. ಸುಣ್ಣಕಲ್ಲಿನ ಮೇಲಿನ ಮಚ್ಚೆಯನ್ನು ಹಾಗೆ ಬಿಡಿಸಲು ಬರುವುದಿಲ್ಲ, ತಿನ್ನುವ ವಸ್ತುವೂ ಅದಲ್ಲ.

ಕಿಡ್ನಿ ಕಲ್ಲಿನ ವಿಷಯ: ಆಯುರ್ವೇದದಲ್ಲಿ ಶೈಲೇಯ ಎಂಬ ಹೆಸರಿನಲ್ಲಿ ಕಲ್ಲುಹೂ ಬಳಕೆಯಲ್ಲಿದೆ. ಆದರೆ ಮನೆಯಲ್ಲಿ ಕುದಿಸಿ ಕುಡಿದರೆ ಕಲ್ಲು ಕರಗುತ್ತದೆ ಎಂಬುದು ಮನುಷ್ಯರ ಮೇಲಿನ ದೊಡ್ಡ ಪರೀಕ್ಷೆಗಳಿಂದ ಸಾಬೀತಾದ ಸಂಗತಿಯಲ್ಲ. 'ಕಲ್ಲಿನ ಮೇಲೆ ಬೆಳೆಯುವುದು ಕಲ್ಲನ್ನು ಕರಗಿಸುತ್ತದೆ' ಅನ್ನುವುದು ಪ್ರಾಸ, ಪುರಾವೆಯಲ್ಲ. ನೋವಿದ್ದರೆ ಸ್ಕ್ಯಾನ್ ಮಾಡಿಸಿಕೊಳ್ಳಿ. ಇಷ್ಟು ಸಾಕು, ಮುಂದೆ ಹೋಗೋಣ.

ಸುಣ್ಣಕಲ್ಲೇ ಯಾಕೆ ಬೇಕು?

ಮಾವಿಗೆ ಒಂದು ಮಣ್ಣು, ಅಡಿಕೆಗೆ ಇನ್ನೊಂದು ಮಣ್ಣು ಎಂದು ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಲ್ಲುಹೂಗೂ ಹಾಗೆಯೇ. ಗ್ರಾನೈಟ್, ನೈಸ್, ಬೆಣಚುಕಲ್ಲುಗಳ ಮೈ ಆಮ್ಲೀಯ ಸ್ವಭಾವದ್ದು. ಸುಣ್ಣಕಲ್ಲು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದರದ್ದು ಕ್ಷಾರದ ಸ್ವಭಾವ. ಒಂದರ ಮೇಲೆ ಹಾಯಾಗಿರುವ ಜಾತಿ ಇನ್ನೊಂದರ ಮೇಲೆ ಮೊಳಕೆಯೇ ಒಡೆಯದಿರಬಹುದು. ಎರಡರಲ್ಲೂ ಬದುಕುವ ಜಾತಿಗಳಿಲ್ಲ ಎಂದಲ್ಲ, ಆದರೆ ಸುಣ್ಣಕ್ಕೆ ಕಟ್ಟುಬಿದ್ದ ಜಾತಿಗಳ ದೊಡ್ಡ ಗುಂಪೇ ಇದೆ.

ಅವುಗಳಲ್ಲಿ ಕೆಲವು ಕಣ್ಣಿಗೇ ಬೀಳುವುದಿಲ್ಲ. ವೆರುಕೇರಿಯ ಕುಲದ ಅನೇಕ ಜಾತಿಗಳು ಸುಣ್ಣಕಲ್ಲನ್ನು ಕರಗಿಸಿಕೊಂಡು ಕಲ್ಲಿನೊಳಗೇ ವಾಸಿಸುತ್ತವೆ. ಹೊರಗೆ ಕಾಣುವುದು ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು. ಅವು ಉದುರಿದ ಮೇಲೆ ಉಳಿಯುವುದು ಸಣ್ಣ ಸಣ್ಣ ಗುಳಿಗಳು. ನೋಡಿದವರು ಖಾಲಿ ಕಲ್ಲು ಎಂದೇ ಹೇಳುತ್ತಾರೆ. ಬಿಸಿಲಿನ ನಾಡಿನ ಕಲ್ಲುಗಳಲ್ಲಿ ಸಾಮಾನ್ಯವಾಗಿ ಸಿಗುವ ಪೆಲ್ಟುಲ ಎಂಬ ಕುಲವಿದೆ. ಅದು ಸಯನೋಬ್ಯಾಕ್ಟೀರಿಯಾವನ್ನು ಕಟ್ಟಿಕೊಂಡದ್ದು. ಹಸಿರು ಪಾಚಿ ಇರುವ ಕಲ್ಲುಹೂ ಬರೀ ಗಾಳಿಯ ತೇವದಿಂದಲೂ ಎಚ್ಚರಗೊಳ್ಳಬಲ್ಲದು. ಸಯನೋಬ್ಯಾಕ್ಟೀರಿಯಾ ಇರುವುದಕ್ಕೆ ನಿಜವಾದ ನೀರೇ ಬೇಕು, ಮಳೆಯೋ ಇಬ್ಬನಿಯೋ. ಹಿರಿಯೂರಿನಂಥ ಮಳೆ ಕಡಿಮೆಯ ಸೀಮೆಯಲ್ಲಿ ಅದಕ್ಕೆ ವರ್ಷದಲ್ಲಿ ಸಿಗುವ ಕೆಲಸದ ಗಂಟೆಗಳು ಎಷ್ಟಿರಬಹುದು ಎಂದು ಯೋಚಿಸಿ. ಮಿಲಿಮೀಟರ್ ಲೆಕ್ಕದ ಬೆಳವಣಿಗೆಗೆ ಕಾರಣ ಸೋಮಾರಿತನವಲ್ಲ.

ಹೊಸ ಜಾಗಕ್ಕೆ ಹೋಗುವುದೂ ಸುಲಭವಲ್ಲ. ಶಿಲೀಂಧ್ರದ ಬೀಜಕಣ ಗಾಳಿಯಲ್ಲಿ ಹಾರಿ ಸರಿಯಾದ ಕಲ್ಲಿನ ಮೇಲೆ ಬೀಳಬೇಕು, ಬಿದ್ದ ಕಡೆ ಸರಿಯಾದ ಪಾಚಿ ಸಿಗಬೇಕು. ಸುತ್ತ ಹತ್ತಾರು ಮೈಲಿ ಗ್ರಾನೈಟೇ ಇದ್ದರೆ ಹಾರಿದ ಕಣಗಳೆಲ್ಲ ವ್ಯರ್ಥ.

ದುರ್ಗದ ಸುಣ್ಣಕಲ್ಲು

ಏಳುಸುತ್ತಿನ ಕೋಟೆಯ ಬಂಡೆಗಳಿಂದಾಗಿ ಚಿತ್ರದುರ್ಗ ಅಂದರೆ ಗ್ರಾನೈಟ್ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಭೂವಿಜ್ಞಾನಿಗಳಿಗೆ ಚಿತ್ರದುರ್ಗ ಅಂದರೆ ಮೊದಲು ನೆನಪಾಗುವುದು ಜಿಲ್ಲೆಯನ್ನು ಉದ್ದಕ್ಕೂ ಹಾದುಹೋಗುವ ಶಿಲಾಪಟ್ಟಿ. ಕಬ್ಬಿಣದ ಅದಿರು, ಮ್ಯಾಂಗನೀಸ್, ಇಂಗಳದಾಳಿನ ತಾಮ್ರ ಎಲ್ಲ ಸಿಗುವುದು ಈ ಪಟ್ಟಿಯಲ್ಲೇ. ಅದರ ಒಂದು ಭಾಗಕ್ಕೆ ವಾಣಿವಿಲಾಸ ಶಿಲಾಸ್ತರ ಎಂದು ಹೆಸರು. ಹಿರಿಯೂರಿನ ವಾಣಿವಿಲಾಸ ಸಾಗರದಿಂದ, ಅಂದರೆ ಮಾರಿಕಣಿವೆಯಿಂದ ಬಂದ ಹೆಸರು. ಸುಣ್ಣಕಲ್ಲು ಮತ್ತು ಅದರ ಸೋದರ ಡಾಲೊಮೈಟ್ ಈ ಸ್ತರದಲ್ಲಿ ಪಟ್ಟಿಪಟ್ಟಿಯಾಗಿ ಸಿಗುತ್ತವೆ. ಕಲಬುರಗಿಯಂತೆ, ಬಾಗಲಕೋಟೆಯಂತೆ ಹಾಸುಹಾಸಾಗಿ ಅಲ್ಲ. ಗ್ರಾನೈಟ್, ಶಿಸ್ಟು, ಕಬ್ಬಿಣದ ಕಲ್ಲುಗಳ ನಡುವೆ ಸೀರೆಯ ಅಂಚಿನಂತೆ ಒಂದು ಗೆರೆ ಬಂದು ಮಾಯವಾಗಿ ಮತ್ತೆಲ್ಲೋ ಕಾಣಿಸುತ್ತದೆ.

ಈ ಕಲ್ಲಿನ ಹುಟ್ಟಿನ ಕತೆ ನಮಗೆ ತುಂಬ ಇಷ್ಟವಾದದ್ದು. ಚಿತ್ರದುರ್ಗ ಶಿಲಾಪಟ್ಟಿಯ ಸುಣ್ಣಕಲ್ಲುಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ಪದರಪದರದ ರಚನೆಗಳಿವೆ ಎಂದು 1980ರ ದಶಕದಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಇದೇ ಪಟ್ಟಿಯ ದಕ್ಷಿಣಕ್ಕೆ, ತುಮಕೂರು ಜಿಲ್ಲೆಯ ದೊಡ್ಡಗುಣಿಯಲ್ಲೂ ಅವು ಸಿಕ್ಕಿವೆ. ಆಳವಿಲ್ಲದ ಸಮುದ್ರದಲ್ಲಿ ಸೂಕ್ಷ್ಮಜೀವಿಗಳ ಲೋಳೆಚಾಪೆ ಹರಡಿ, ಅದರ ಮೇಲೆ ಸುಣ್ಣ ಕೂತು, ಮತ್ತೆ ಚಾಪೆ, ಮತ್ತೆ ಸುಣ್ಣ, ಹೀಗೆ ಬೆಳೆದ ದಿಬ್ಬಗಳು ಅವು. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಆ ಚಾಪೆ ನೇಯ್ದವು ಸಯನೋಬ್ಯಾಕ್ಟೀರಿಯಾ ಅಥವಾ ಅವುಗಳಂಥ ಸೂಕ್ಷ್ಮಜೀವಿಗಳು ಎಂದು ವಿಜ್ಞಾನಿಗಳು ಹೇಳುತ್ತಾರೆ. ಇವತ್ತು ಪೆಲ್ಟುಲದ ಮೈಯೊಳಗೆ ಕೂತು ಅಡುಗೆ ಮಾಡುತ್ತಿರುವುದೂ ಅದೇ ಬಳಗ. ಅಜ್ಜ ಕಟ್ಟಿದ ಮನೆಯ ಜಗಲಿಯಲ್ಲಿ ಮೊಮ್ಮಗ ಕೂತಂತೆ.

ಇಂಥ ಹಳೆಯ ಕಲ್ಲಿಗೆ ನಮ್ಮಲ್ಲಿ ಗೌರವ ಸಿಕ್ಕಿದ ಉದಾಹರಣೆಯೂ ಇದೆ, ದೂರವೇನಲ್ಲ. ಹಿರಿಯೂರು ಕಡೆಯ ಮರಡಿಹಳ್ಳಿಯ ದಿಂಬುಲಾವಾ ಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 1976ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿತು. ನೀರಿನಡಿ ಉಕ್ಕಿದ ಲಾವಾ ದಿಂಬಿನ ಆಕಾರದಲ್ಲಿ ಗಟ್ಟಿಯಾದದ್ದು. ಅದು ಸುಣ್ಣಕಲ್ಲಲ್ಲ, ಆದರೆ ಒಂದು ಬಂಡೆಯನ್ನು ಬಂಡೆಯಾಗಿಯೇ ಉಳಿಸಬಹುದು ಎಂಬುದಕ್ಕೆ ಅದು ಸಾಕ್ಷಿ.

ಅಪಾಯ ಬರುವ ದಾರಿಗಳು

ಸುಣ್ಣಕಲ್ಲು ನಮಗೆ ಎಷ್ಟು ಬೇಕು ಎಂಬುದರಿಂದಲೇ ಶುರುಮಾಡಬೇಕು. ಒಂದು ಟನ್ ಸಿಮೆಂಟ್ ಕ್ಲಿಂಕರಿಗೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಹೋಗುತ್ತದೆ. ಅಂದರೆ 50 ಕೆಜಿಯ ಒಂದು ಸಾಮಾನ್ಯ ಸಿಮೆಂಟ್ ಚೀಲದ ಹಿಂದೆ ಹೆಚ್ಚೂಕಡಿಮೆ 70 ಕೆಜಿ ಕಲ್ಲು. ಸುಣ್ಣದ ಗೂಡಿನಲ್ಲಿ 100 ಕೆಜಿ ಶುದ್ಧ ಸುಣ್ಣಕಲ್ಲು ಸುಟ್ಟರೆ 56 ಕೆಜಿ ಸುಟ್ಟಸುಣ್ಣ ಸಿಗುತ್ತದೆ, ಉಳಿದ 44 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಉಕ್ಕಿನ ಕಾರ್ಖಾನೆ, ಸಕ್ಕರೆ ಕಾರ್ಖಾನೆ, ಎಲೆಅಡಿಕೆಯ ಸುಣ್ಣ, ಎಲ್ಲಕ್ಕೂ ಇದೇ ಕಲ್ಲು. ನಾವು ಈ ಲೇಖನ ಬರೆಯುತ್ತಿರುವ ಕೋಣೆಯ ಗೋಡೆಯೂ ಅದರದ್ದೇ. ಹಾಗಾಗಿ ಗಣಿಯೇ ಬೇಡ ಎನ್ನುವ ಫಾರ್ವರ್ಡ್ ನಮ್ಮಿಂದ ಬರುವುದಿಲ್ಲ.

ಆದರೆ ಸೀರೆಯ ಅಂಚಿನಂಥ ಪಟ್ಟಿಯಲ್ಲಿ ಒಂದು ಗಣಿ ಬಂದರೆ ಅದರ ಅರ್ಥವೇ ಬೇರೆ. ಕಲಬುರಗಿಯ ಹಾಸಿನಲ್ಲಿ ಒಂದು ಮೂಲೆ ತೆಗೆದರೆ ಉಳಿದದ್ದು ಇರುತ್ತದೆ. ಇಲ್ಲಿ ಒಂದು ಸಣ್ಣ ಗುಡ್ಡವೇ ಇಡೀ ದ್ವೀಪ. ಗಣಿಗಾರಿಕೆ ಮೊದಲು ತೆಗೆಯುವುದೂ ಕಲ್ಲುಹೂ ಇರುವ ಪದರವನ್ನೇ. ನೂರಾರು ವರ್ಷ ಬಿಸಿಲು ಮಳೆ ಕಂಡ ಮೇಲ್ಮೈ ಅದು. ಆಳದಿಂದ ಹೊಸದಾಗಿ ಹೊರಬಿದ್ದ ಕಲ್ಲು ರಾಸಾಯನಿಕವಾಗಿ ಅದೇ ಆದರೂ ಮನೆಯಾಗಲು ಕಾಲ ಬೇಕು.

ಕಲ್ಲು ಒಡೆಯದಿದ್ದರೂ ದೂಳು ಸಾಕು. ಕ್ರಷರ್ ದೂಳು, ಮಣ್ಣುರಸ್ತೆಯಲ್ಲಿ ಲಾರಿ ಎಬ್ಬಿಸುವ ಕೆಂಪು ದೂಳು ಕಲ್ಲುಹೂವಿನ ಮೇಲೆ ಕೂತು ಬೆಳಕು ತಡೆಯುತ್ತದೆ. ಮೈಯಿಂದಲೇ ಎಲ್ಲ ಹೀರುವ ಜೀವಿಗೆ ಅದು ಮೂಗಿಗೆ ಬಟ್ಟೆ ಕಟ್ಟಿದ ಹಾಗೆ. ಹೊಳಲ್ಕೆರೆ, ಭೀಮಸಮುದ್ರದ ಕಡೆಯವರಿಗೆ ಅದಿರಿನ ಲಾರಿಗಳ ದೂಳು ಏನೆಂದು ಹೇಳಬೇಕಿಲ್ಲ. ಬಳ್ಳಾರಿಯ ಬೆನ್ನಿಗೇ 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲೂ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತ್ತು. ಆಮೇಲೆ ಷರತ್ತುಗಳೊಡನೆ ಮತ್ತೆ ಶುರುವಾಯಿತು. ಆ ಪ್ರಕರಣ ಅದಿರಿನದ್ದು, ಸುಣ್ಣಕಲ್ಲಿನದ್ದಲ್ಲ. ಆದರೆ ಗಾಳಿ ಆ ವ್ಯತ್ಯಾಸ ನೋಡುವುದಿಲ್ಲ. ಗುಡ್ಡದ ನೆತ್ತಿಗಳಲ್ಲಿ ಗಾಳಿಯಂತ್ರಗಳಿಗಾಗಿ ಕಡಿದ ರಸ್ತೆಗಳನ್ನೂ ಈ ಲೆಕ್ಕಕ್ಕೆ ಸೇರಿಸಬೇಕು.

ಇಲ್ಲಿ ಒಂದು ತಮಾಷೆಯಿದೆ. ಸಿಮೆಂಟ್ ದೂಳು ಬೀಳುವ ಕಡೆ ಮರದ ತೊಗಟೆ, ಗ್ರಾನೈಟುಗಳ ಆಮ್ಲೀಯ ಗುಣ ತಗ್ಗಿ, ಸುಣ್ಣಪ್ರಿಯ ಕಲ್ಲುಹೂಗಳಲ್ಲಿ ಕೆಲವು ಸಾಮಾನ್ಯ ಜಾತಿಗಳು ಅಲ್ಲಿ ಹೆಚ್ಚಾಗುವುದುಂಟು. ಹೊರಗಿನಿಂದ ನೋಡಿದರೆ 'ಕಲ್ಲುಹೂ ಹೆಚ್ಚಾಗಿದೆ, ಪರಿಸರ ಸುಧಾರಿಸಿದೆ' ಅನ್ನಿಸುತ್ತದೆ. ಹಾಗಾಗಿ ಮಚ್ಚೆ ಇದ್ದರೆ ಗಾಳಿ ಶುದ್ಧ ಎಂಬ ಮಾತು ಅರ್ಧ ಸತ್ಯ. 1866ರಲ್ಲೇ ವಿಲಿಯಂ ನೈಲಾಂಡರ್ ಪ್ಯಾರಿಸ್ಸಿನ ಉದ್ಯಾನವೊಂದರ ಕಲ್ಲುಹೂಗಳನ್ನು ನೋಡಿ ನಗರದ ಗಾಳಿಯ ಗುಣ ಹೇಳಬಹುದು ಎಂದು ತೋರಿಸಿದ್ದ. ಗಂಧಕದ ಹೊಗೆಗೆ ಅನೇಕ ಜಾತಿಗಳು ಸಾಯುತ್ತವೆ. ಆದರೆ ಪಿಕ್ಸೈನ್ ಕೊಕೊಯಿಸ್ ಎಂಬ ಜಾತಿ ನಮ್ಮ ಹೊಗೆ ತುಂಬಿದ ನಗರಗಳ ಮರಗಳಲ್ಲೂ ಆರಾಮಾಗಿರುತ್ತದೆ. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯವರು ಅದನ್ನೇ ಬಳಸಿ ಗಾಳಿಯ ಲೋಹಗಳನ್ನು ಅಳೆದಿದ್ದಾರೆ. ಎಷ್ಟಿದೆ ಎಂಬುದಕ್ಕಿಂತ ಯಾವುದಿದೆ ಎಂಬುದು ಮುಖ್ಯ.

'ಅಳಿವಿನಂಚಿನ ಪಟ್ಟಿಯಲ್ಲಿ ಇಲ್ವಲ್ಲ?'

ಈ ವಿಷಯ ಎತ್ತಿದಾಗ ಎದುರಾಗುವ ಮೊದಲ ಪ್ರಶ್ನೆ ಇದು. ಪ್ರಶ್ನೆ ಸರಿಯಾದದ್ದೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಉತ್ತರಿಸಬೇಕು.

ಯಾವ ಜೀವಿ ಅಳಿವಿನಂಚಿನಲ್ಲಿದೆ ಎಂದು ಜಗತ್ತಿನ ಮಟ್ಟದಲ್ಲಿ ಪಟ್ಟಿ ಮಾಡುವುದು ಐಯುಸಿಎನ್ ಸಂಸ್ಥೆ, ಅದರ ಹೆಸರು ಕೆಂಪು ಪಟ್ಟಿ. ಆ ಪಟ್ಟಿ 1964ರಿಂದ ಇದೆ. ಅದರಲ್ಲಿ ಮೊದಲ ಎರಡು ಕಲ್ಲುಹೂಗಳು ಜಾಗ ಪಡೆದದ್ದು 2003ರಲ್ಲಿ. ಹುಲಿ, ಘೇಂಡಾಮೃಗಗಳ ಬಗ್ಗೆ ದಶಕಗಳ ಲೆಕ್ಕ ಇರುವಾಗ ಕಲ್ಲುಹೂಗಳ ಖಾತೆ ತೆರೆದದ್ದೇ ಅಷ್ಟು ತಡವಾಗಿ. ಜಗತ್ತಿನಲ್ಲಿ ಸುಮಾರು 20,000 ಜಾತಿಯ ಕಲ್ಲುಹೂಗಳಿವೆ, ಭಾರತದಲ್ಲೇ 2,700ಕ್ಕೂ ಹೆಚ್ಚು. ಇವುಗಳಲ್ಲಿ ಬಹುಪಾಲಿನ ಮುಂದೆ ಕೆಂಪು ಪಟ್ಟಿಯಲ್ಲಿ ಯಾವ ಗುರುತೂ ಇಲ್ಲ. 'ಅಪಾಯವಿಲ್ಲ' ಎಂಬ ಗುರುತೂ ಇಲ್ಲ. ಪರೀಕ್ಷೆಯನ್ನೇ ಬರೆಯದ ಹುಡುಗನನ್ನು ಪಾಸು ಎಂದಂತೆ ಆಗುತ್ತದೆ, ಪಟ್ಟಿಯಲ್ಲಿಲ್ಲ ಆದ್ದರಿಂದ ಕ್ಷೇಮ ಅನ್ನುವುದು.

ಪರೀಕ್ಷೆ ಬರೆದವುಗಳ ಗತಿ ಏನು? ಸುಣ್ಣದ ನೆಲವನ್ನೇ ನಂಬಿದ ಒಂದು ಕಲ್ಲುಹೂವಿನ ಕತೆ ಯುರೋಪಿನಿಂದ ಸಿಗುತ್ತದೆ. ಬುಯೆಲಿಯ ಆಸ್ಟರೆಲ್ಲ ಎಂದು ಹೆಸರು, ನೋಡಲು ಬಿಳಿಯ ಪುಟ್ಟ ನಕ್ಷತ್ರ. ಸುಣ್ಣದಂಶ ಹೆಚ್ಚಿರುವ ಒಣ ಹುಲ್ಲುಗಾವಲಿನ ಬರಿನೆಲದಲ್ಲಿ ಬೆಳೆಯುತ್ತದೆ. ಇಂಗ್ಲೆಂಡಿನ ಪೂರ್ವಭಾಗದ ಬ್ರೆಕ್‌ಲ್ಯಾಂಡ್ ಎಂಬ ಸೀಮೆಯಲ್ಲಿ ಇತ್ತು, ಜರ್ಮನಿಯಲ್ಲಿ ಇತ್ತು. ಈಗ ಅಲ್ಲೆಲ್ಲ ಇಲ್ಲ. ನಾರ್ವೆಯ ಒಳನಾಡಿನ ಒಣ ಕಣಿವೆಗಳಲ್ಲಿ ಮಾತ್ರ ಉಳಿದಿದೆ. ಕೆಂಪು ಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ ಗುರುತು 'ಅತಿ ಗಂಭೀರ ಅಪಾಯ', ಅಂದರೆ ಕಾಡಿನಿಂದ ಪೂರ್ತಿ ಅಳಿಯುವ ಮೊದಲಿನ ಕೊನೆಯ ಮೆಟ್ಟಿಲು. ಬ್ರೆಕ್‌ಲ್ಯಾಂಡಿನಲ್ಲಿ ಅದನ್ನು ಕೊಂದದ್ದು ಬುಲ್ಡೋಜರ್ ಒಂದೇ ಅಲ್ಲ. ಮೊಲಗಳು ಮತ್ತು ಕುರಿಗಳು ಮೇಯುವುದು ಕಡಿಮೆಯಾಗಿ, ಗಾಳಿಯಿಂದ ಸಾರಜನಕ ಬಿದ್ದು ಹುಲ್ಲು ದಟ್ಟವಾಗಿ, ಬರಿನೆಲವೇ ಇಲ್ಲವಾಯಿತು. ಅದು ಹೋಗುತ್ತಿದೆ ಎಂದು ಗೊತ್ತಾದದ್ದೂ ಅಲ್ಲಿನ ಹವ್ಯಾಸಿಗಳು, ತಜ್ಞರು ನೂರಾರು ವರ್ಷಗಳಿಂದ ಕಲ್ಲುಹೂಗಳನ್ನು ಬರೆದಿಟ್ಟುಕೊಂಡು ಬಂದದ್ದರಿಂದ.

ನಮ್ಮಲ್ಲಿ ಕೆಲಸ ನಡೆದಿಲ್ಲ ಎಂದಲ್ಲ. ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆ, ಲಖನೌದ ಸಂಸ್ಥೆ, ಭಾರತೀಯ ಸಸ್ಯಶಾಸ್ತ್ರ ಸರ್ವೇಕ್ಷಣೆ ದಶಕಗಳಿಂದ ದುಡಿದಿವೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು ಭದ್ರಾ ಅಭಯಾರಣ್ಯದ ಕಲ್ಲುಹೂಗಳನ್ನು ಪಟ್ಟಿ ಮಾಡಿದ್ದಾರೆ. ಆದರೆ ಗಮನ ಸಹಜವಾಗಿ ಮಲೆನಾಡಿನ ಕಡೆಗೆ ಹೋಗುತ್ತದೆ. ಮಳೆ ಜಾಸ್ತಿ, ಮರ ಜಾಸ್ತಿ, ಕಣ್ಣಿಗೆ ಕಾಣುವ ಎಲೆಯಂಥ ಕಲ್ಲುಹೂ ಜಾಸ್ತಿ. ಹೊಸದುರ್ಗದ ಬಿಸಿಲಿನಲ್ಲಿ ಮಂಡಿಯೂರಿ, ಭೂತಗನ್ನಡಿ ಹಿಡಿದು, ಸೂಜಿಮೊನೆಯ ಚುಕ್ಕೆ ನೋಡುವವರು ಎಷ್ಟು ಮಂದಿ?

ಕಾನೂನಿನಲ್ಲೂ ಇದೇ ಓರೆನೋಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸಸ್ಯಗಳ ಅನುಸೂಚಿಯಲ್ಲಿ ಬಹುಕಾಲ ಇದ್ದದ್ದು ಆರೇ ಹೆಸರು. 2022ರ ತಿದ್ದುಪಡಿಯಲ್ಲಿ ಪಟ್ಟಿ ದೊಡ್ಡದಾಯಿತು, ಆದರೆ ಅದು ಮುಖ್ಯವಾಗಿ ಹೂಬಿಡುವ ಗಿಡಗಳ ಲೋಕ. ಗಣಿಗೆ ಮುಂಚೆ ತಯಾರಾಗುವ ಪರಿಸರ ಪರಿಣಾಮ ವರದಿಗಳು ಮರ, ಪೊದೆ, ಹಕ್ಕಿ, ಪ್ರಾಣಿಗಳನ್ನು ಎಣಿಸುತ್ತವೆ. ಕಲ್ಲಿನ ಮೇಲಿನ ಮಚ್ಚೆ ಸಾಮಾನ್ಯವಾಗಿ 'ಬರಡು ಬಂಡೆ' ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತದೆ.

ಗಣಿ ಮುಗಿದ ಮೇಲೆ ಗಿಡ ನೆಟ್ಟರೆ ಆಗದೆ?

ಕಾಡಿಗೆ ಬಹುಶಃ ಸ್ವಲ್ಪ ಆಗುತ್ತದೆ. ಕಲ್ಲುಹೂಗೆ ಆಗುವುದಿಲ್ಲ, ಕೆಲವೊಮ್ಮೆ ಕೆಡುಕೇ ಆಗುತ್ತದೆ. ಬಿಸಿಲು ಬೇಕಾದ ಜೀವಿಯ ಮೇಲೆ ನೀಲಗಿರಿ, ಅಕೇಶಿಯಾದ ನೆರಳು ಮತ್ತು ತರಗೆಲೆ ಬಿದ್ದರೆ ಅದು ಉಳಿಯುವುದಿಲ್ಲ. ಕಿತ್ತು ಬೇರೆ ಕಡೆ ನಾಟಿ ಮಾಡೋಣ ಅಂದರೆ, ಕಲ್ಲಿನೊಳಗೆ ಇರುವುದನ್ನು ಕೀಳುವುದು ಹೇಗೆ? ಬಂಡೆ ಸಮೇತ ಕತ್ತರಿಸಿ ಸಾಗಿಸಬೇಕು.

ಇನ್ನೊಂದು ಬದಿಯನ್ನೂ ಹೇಳಬೇಕು. ಹಳೆಯ, ಕೈಬಿಟ್ಟ ಸುಣ್ಣಕಲ್ಲಿನ ಗಣಿಗಳ ಗೋಡೆಗಳಲ್ಲಿ ಹಲವು ದಶಕಗಳ ಬಳಿಕ ಒಳ್ಳೆಯ ಕಲ್ಲುಹೂ ಸಮುದಾಯ ಮತ್ತೆ ಕೂತ ಉದಾಹರಣೆಗಳು ಬ್ರಿಟನ್ನಿನಲ್ಲಿವೆ. ಹಳೆಯ ಗಾರೆಯೂ ಸುಣ್ಣಕಲ್ಲಿನ ಬದಲಿ ಮನೆಯಾಗಬಲ್ಲದು. 1898ರಿಂದ 1907ರ ನಡುವೆ ಕಟ್ಟಿದ ಮಾರಿಕಣಿವೆ ಅಣೆಕಟ್ಟೆಯಂಥ ಗಾರೆಯ ಕಟ್ಟಡಗಳು, ಊರ ಹಳೆಯ ಬಾವಿಕಟ್ಟೆಗಳು ಗ್ರಾನೈಟ್ ಸೀಮೆಯಲ್ಲಿ ಸುಣ್ಣದ ಸಣ್ಣ ಸಣ್ಣ ತುಣುಕುಗಳೇ. ಆದರೆ ಇವೆರಡೂ ಕೆಲಸ ಮಾಡುವುದು ಒಂದು ಷರತ್ತಿನ ಮೇಲೆ: ಹತ್ತಿರದಲ್ಲಿ ಎಲ್ಲೋ ಮೂಲದ ಕಲ್ಲು, ಮೂಲದ ಕಲ್ಲುಹೂ ಉಳಿದಿರಬೇಕು. ಕಣ ಹಾರಿ ಬರಲು ತವರು ಬೇಕಲ್ಲ. ಆದ್ದರಿಂದ ಗುತ್ತಿಗೆ ಜಾಗದೊಳಗೇ ಒಂದು ಪಟ್ಟಿಯನ್ನು ಮುಟ್ಟದೆ ಬಿಡುವುದು, ರಸ್ತೆಗೆ ನೀರು ಹೊಡೆದು ದೂಳು ಅಡಗಿಸುವುದು, ಮೊದಲ ಸಿಡಿಮದ್ದಿಗೆ ಮುಂಚೆ ಕಲ್ಲುಹೂ ಬಲ್ಲವರೊಬ್ಬರನ್ನು ಕರೆಸುವುದು, ಇವು ಸಾವಿರ ಸಸಿಗಿಂತ ಉಪಯುಕ್ತ ಎಂಬುದು ನಮ್ಮ ಅಭಿಪ್ರಾಯ.

ಊರಿನವರ ಕೈಯಲ್ಲಿ ಇರುವುದು

ಪರಿಸರ ಅನುಮತಿಗೆ ಸಾರ್ವಜನಿಕ ಅಹವಾಲು ಕಡ್ಡಾಯವಾಗಿರುವ ಗಣಿಗಳಿಗೆ 2006ರ ಅಧಿಸೂಚನೆಯ ಪ್ರಕಾರ ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ ಮುಂತಾದ ಕಡೆ ಓದಲು ಸಿಗಬೇಕು. ಅಹವಾಲಿನಲ್ಲಿ ಯಾರು ಬೇಕಾದರೂ ಎದ್ದುನಿಂತು 'ಈ ಬಂಡೆಗಳ ಕಲ್ಲುಹೂ ಸಮೀಕ್ಷೆ ಆಗಿದೆಯೇ' ಎಂದು ಕೇಳಬಹುದು. ಕೇಳಿದ್ದು ನಡಾವಳಿಯಲ್ಲಿ ದಾಖಲಾಗಲೇಬೇಕು. ಸಣ್ಣ ಗಣಿಗಳಿಗೆ ನಿಯಮ ಸಡಿಲ. ಆದರೆ 5 ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟ್ 2012ರ ಫೆಬ್ರುವರಿಯಲ್ಲಿ ಹೇಳಿದೆ.

2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜೀವಿಗಳ ದಾಖಲಾತಿ ಇಡಬೇಕು. ಅದೇ ಕಾಯ್ದೆಯಡಿ ರಾಜ್ಯ ಸರ್ಕಾರ ಒಂದು ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಬಹುದು. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆತೋಪು 2007ರಲ್ಲಿ ಹಾಗೆ ಘೋಷಣೆಯಾಯಿತು. ಗಣಿಗಾರಿಕೆಯ ವಿರುದ್ಧ ಜನ ಹೋರಾಡಿದ ಸಾಗರ ತಾಲ್ಲೂಕಿನ ಅಂಬಾರಗುಡ್ಡವೂ ಆಮೇಲೆ ಆ ಪಟ್ಟಿ ಸೇರಿತು.

ನಿಮ್ಮ ಊರಿನ ಗುಡ್ಡ ಸುಣ್ಣಕಲ್ಲೇ ಎಂದು ತಿಳಿಯಲು ಕೆಳಗೆ ಬಿದ್ದಿರುವ ಒಡೆದ ಚೂರೊಂದರ ಮೇಲೆ ಎರಡು ಹನಿ ವಿನೆಗರ್ ಅಥವಾ ನಿಂಬೆರಸ ಬಿಡಿ. ಸಣ್ಣಗೆ ಗುಳ್ಳೆ ಬಂದರೆ ಸುಣ್ಣಕಲ್ಲು. ಡಾಲೊಮೈಟ್ ಆದರೆ ಪುಡಿ ಮಾಡಿ ಹಾಕಿದರೆ ಮಾತ್ರ ಗುಳ್ಳೆ ಕಾಣಬಹುದು. ಸ್ಮಾರಕದ ಮೇಲಾಗಲಿ ಕಲ್ಲುಹೂವಿನ ಮೇಲಾಗಲಿ ಈ ಪ್ರಯೋಗ ಬೇಡ. ಮಚ್ಚೆ ಕಂಡರೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು ಎರಡು ಫೋಟೊ ತೆಗೆಯಿರಿ: ಒಂದು ಪೂರ್ತಿ ಬಂಡೆಯದ್ದು, ಒಂದು ತೀರ ಹತ್ತಿರದಿಂದ. ಮೊಬೈಲಿನ ಲೊಕೇಶನ್ ಆನ್ ಇರಲಿ. ಐನ್ಯಾಚುರಲಿಸ್ಟ್ ಆ್ಯಪಿಗೆ ಹಾಕಿದರೆ ದಿನಾಂಕ, ಜಾಗದ ಸಮೇತ ದಾಖಲೆ ಉಳಿಯುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ ಫೋಟೊದಲ್ಲಿ ಆ ಮಾಹಿತಿ ಅಳಿಸಿಹೋಗುತ್ತದೆ. ಬ್ಲೇಡಿನಿಂದ ಕೆರೆದು ತರಬೇಡಿ. ಕೆರೆದ ಪುಡಿಯಿಂದ ಜಾತಿ ಗುರುತಿಸಲು ತಜ್ಞರಿಗೂ ಕಷ್ಟ, ಹೋದ ಮಚ್ಚೆ ನಿಮ್ಮ ಕಾಲದಲ್ಲಿ ಮತ್ತೆ ಬರುವುದೂ ಇಲ್ಲ.